ರೆಪ್ಪೆಯ ಬಡಿತಕ್ಕೆ ಕರ್ತೃ ಯಾರು?

ಕಣ್ಣಿನ ರೆಪ್ಪೆ ಮಿಟುಕುವುದು ನಾವು ಮಾಡುವ ಕೆಲಸವೋ, ನಮ್ಮಲ್ಲಿ ತಾನಾಗಿ ನಡೆಯುವ ಕೆಲಸವೋ? ಮೇಲ್ನೋಟಕ್ಕೆ ಇದು ಬಾಲಿಶವಾದ ಪ್ರಶ್ನೆಯೆಂದು ತೋರಬಹುದು. ಆದರೆ ವೈಶೇಷಿಕ ದರ್ಶನದ ಪ್ರವರ್ತಕರಾದ ಕಣಾದರು ಆತ್ಮನ ಇರವಿಗೆ ಲಿಂಗಗಳನ್ನು, ಎಂದರೆ ಗುರುತುಗಳನ್ನು, ಎಣಿಸುವಾಗ ಉಸಿರಾಟದೊಡನೆ ನಿಮೇಷ-ಉನ್ಮೇಷಗಳನ್ನೂ ಸೇರಿಸಿದ್ದಾರೆ. ರೆಪ್ಪೆ ಮುಚ್ಚಿ ತೆರೆಯುವ ಈ ಯಂತ್ರದ ಹಿಂದೆ ಅದನ್ನು ನಡೆಸುವ ಚೇತನನೊಬ್ಬನಿರಬೇಕೆಂಬುದು ಅವರ ಅನುಮಾನ. ದೇವತೆಗಳಿಗೆ ರೆಪ್ಪೆಯ ಬಡಿತವಿಲ್ಲ, ಅವರು ಅನಿಮಿಷರು. ಸ್ವಯಂವರ ಮಂಟಪದಲ್ಲಿ ದಮಯಂತಿಯು ಐವರು ನಳರ ನಡುವೆ ನಿಜವಾದ ನಳನನ್ನು ಗುರುತಿಸಿದ ಕುರುಹುಗಳಲ್ಲಿ ಇದೂ ಒಂದು. ಹೀಗಿರುವ ರೆಪ್ಪೆಯನ್ನು ನಾವು ಬೇಕೆಂದಾಗ ಮುಚ್ಚಬಲ್ಲೆವು, ಸ್ವಲ್ಪ ಹೊತ್ತು ತೆರೆದೇ ಇಡಬಲ್ಲೆವು. ಆದರೆ ಹೊತ್ತು ಮೀರಿದಂತೆ ಒಳಗಿನಿಂದ ಒಂದು ಒತ್ತಡ ಏರುತ್ತದೆ, ಕೊನೆಗೆ ರೆಪ್ಪೆ ಮುಚ್ಚಿಯೇ ಮುಚ್ಚುತ್ತದೆ. ಆ ಕಡೆಯ ಗಳಿಗೆಯಲ್ಲಿ ಮುಚ್ಚಿದವರು ನಾವೇ, ಅಥವಾ ನಾವು ಸೋತೆವೇ?

ಓದುಗರು ಒಮ್ಮೆ ಪ್ರಯತ್ನಿಸಿ ನೋಡಬೇಕೆಂದು ವಿನಂತಿ. ಏಕೆಂದರೆ ಈ ಅನುಭವವನ್ನು ಕಣ್ಣಿಗಷ್ಟೇ ಅಲ್ಲದೆ ಕತ್ತು, ಭುಜ, ಗಂಟಲು ಮೊದಲಾದ ಅಂಗಗಳಿಗೂ ವಿಸ್ತರಿಸಿಕೊಂಡು, ದಿನಕ್ಕೆ ನೂರಾರು ಬಾರಿ ಪಡುವ ಮಕ್ಕಳಿದ್ದಾರೆ. ಕತ್ತನ್ನು ಸರಕ್ಕನೆ ಕೊಡಹುವುದು, ಮೂಗು ಸೊಟ್ಟಗೆ ಮಾಡುವುದು, ಗಂಟಲು ಕೆರೆದಂತೆ ಅಥವಾ ನಾಯಿಮರಿ ಕುಂಯ್‌ಗುಟ್ಟಿದಂತೆ ಸದ್ದು ಹೊರಡಿಸುವುದು, ಇವಕ್ಕೆ ವೈದ್ಯರು ಟಿಕ್ ಎನ್ನುತ್ತಾರೆ. ಅಂಗಚಲನೆ ಮತ್ತು ಸದ್ದು ಎರಡೂ ಸೇರಿ ಒಂದು ವರ್ಷಕ್ಕೂ ಮೀರಿ ಉಳಿದರೆ ಅದು ಟೂರೆಟ್ ಸಿಂಡ್ರೋಮ್. 1885ರಲ್ಲಿ ಪ್ಯಾರಿಸ್ಸಿನ ಸಾಲ್ಪೆಟ್ರಿಯೇರ್ ಆಸ್ಪತ್ರೆಯ ಜಾರ್ಜ್ ಜಿಲ್ ದ ಲಾ ಟೂರೆಟ್ ಎಂಬ ವೈದ್ಯರು ಒಂಬತ್ತು ರೋಗಿಗಳ ವಿವರ ಬರೆದುದರಿಂದ ಈ ಹೆಸರು ಬಂದಿದೆ. ಸಾಮಾನ್ಯವಾಗಿ ಐದರಿಂದ ಏಳನೆಯ ವಯಸ್ಸಿನೊಳಗೆ ಆರಂಭವಾಗಿ, ಹತ್ತರಿಂದ ಹನ್ನೆರಡರ ಸುಮಾರಿಗೆ ಅತಿಯಾಗಿ, ಹದಿಹರೆಯ ಕಳೆಯುವ ಹೊತ್ತಿಗೆ ಬಹುಮಂದಿಯಲ್ಲಿ ತಗ್ಗುತ್ತದೆ. ಹುಡುಗಿಯರಿಗಿಂತ ಹುಡುಗರಲ್ಲಿ ಮೂರು ನಾಲ್ಕು ಪಟ್ಟು ಹೆಚ್ಚು. ಹತ್ತರಿಂದ ಹನ್ನೆರಡು ಎಂದರೆ ನಮ್ಮ ಮನೆಗಳಲ್ಲಿ ಉಪನಯನದ ವಯಸ್ಸನ್ನು ದಾಟಿ ಸಂಧ್ಯಾವಂದನೆಗೆ ಕೂರುವ ವಯಸ್ಸು, ಶಾಲೆಯಲ್ಲಿ ಬೆನ್ನು ನೆಟ್ಟಗೆ ಇಟ್ಟು ಕೂರಬೇಕಾದ ವಯಸ್ಸು. ಸುಮ್ಮನಿರಬೇಕಾದ ಸಂದರ್ಭಗಳೇ ಹೆಚ್ಚುವ ಕಾಲಕ್ಕೆ ಸರಿಯಾಗಿ ಸುಮ್ಮನಿರಲಾಗದ ಸ್ಥಿತಿಯೂ ಬಂದೊದಗುತ್ತದೆ.

ಕೆಲವು ತಿಂಗಳ ಹಿಂದೆ ಪ್ರವಚನವೊಂದರಲ್ಲಿ ಇಂತಹ ಬಾಲಕನೊಬ್ಬನನ್ನು ಕಂಡೆವು. ಸುಮಾರು ಹನ್ನೊಂದು ವರ್ಷದವನು, ತಂದೆಯ ಪಕ್ಕದಲ್ಲಿ ಕುಳಿತಿದ್ದ. ಎರಡು ಮೂರು ನಿಮಿಷಕ್ಕೊಮ್ಮೆ ಅವನ ಗಂಟಲಿನಿಂದ ಚಿಕ್ಕದೊಂದು ಸದ್ದು ಹೊರಡುತ್ತಿತ್ತು. ಮುಂದಿನ ಸಾಲಿನ ಹಿರಿಯರೊಬ್ಬರು ತಿರುಗಿ, "ಏನ್ರೀ, ಹುಡುಗನಿಗೆ ಸ್ವಲ್ಪ ಹೇಳಬಾರದೇ?" ಎಂದರು. ತಂದೆ ಮಗನ ತೊಡೆಯ ಮೇಲೆ ಕೈಯಿಟ್ಟು ಒತ್ತಿದರು. ಆ ಬಳಿಕ ಮಂಗಳಾರತಿಯವರೆಗೂ ಹುಡುಗ ಸದ್ದು ಮಾಡಲಿಲ್ಲ. ಹಿರಿಯರು ಹೊರಡುವಾಗ, "ನೋಡಿದಿರಾ, ಮನಸ್ಸು ಮಾಡಿದರೆ ಆಗುತ್ತದೆ" ಎಂದು ಸಂತೋಷದಿಂದಲೇ ಹೇಳಿ ಹೋದರು. ತಾಯಿ ಮಾತ್ರ ಪ್ರಸಾದದ ಪಂಕ್ತಿಯಲ್ಲಿ ನಮ್ಮನ್ನು ಕೇಳಿದರು: "ರಾಯರೇ, ಅವನು ತಡೆದುಕೊಂಡನಲ್ಲ, ಹಾಗಾದರೆ ಇಷ್ಟು ದಿನ ಬೇಕೆಂದೇ ಮಾಡುತ್ತಿದ್ದನೇ? ಬೇಕೆಂದು ಮಾಡದಿದ್ದರೆ ತಡೆಯುವುದಕ್ಕೆ ಹೇಗಾಯಿತು?" ನ್ಯಾಯಶಾಸ್ತ್ರದ ವಿದ್ಯಾರ್ಥಿಯೂ ಇಷ್ಟು ಚೊಕ್ಕವಾಗಿ ಪ್ರಶ್ನೆ ಹಾಕುವುದು ಕಷ್ಟ. ಪ್ರಕೃತ ಲೇಖನವು ಆ ಪ್ರಶ್ನೆಯ ವಿಚಾರಕ್ಕೇ ಮೀಸಲು.

ಮೊದಲು ಪ್ರತ್ಯಕ್ಷದಿಂದ ಏನು ಸಿಗುತ್ತದೆಂದು ನೋಡೋಣ. ನಾವು ಬುದ್ಧಿಪೂರ್ವಕವಾಗಿ ಬೆರಳನ್ನೋ ಭುಜವನ್ನೋ ಅಲುಗಿಸುವ ಮುನ್ನ, ಅರ್ಧ ಸೆಕೆಂಡಿಗೂ ಹೆಚ್ಚು ಮೊದಲೇ, ಮೆದುಳಿನ ಮೇಲ್ಭಾಗದಲ್ಲಿ ಒಂದು ವಿದ್ಯುತ್ ಏರಿಕೆ ಕಾಣಿಸಿಕೊಳ್ಳುತ್ತದೆ. 1981ರಲ್ಲಿ ಲಂಡನ್ನಿನ ಸಂಶೋಧಕರು ಟೂರೆಟ್ ಇರುವ ಕೆಲವರ ತಲೆಗೆ ತಂತಿಗಳನ್ನು ಜೋಡಿಸಿ ಪರೀಕ್ಷಿಸಿದಾಗ, ಟಿಕ್ ಬರುವ ಮುನ್ನ ಈ ಏರಿಕೆ ಕಾಣಲಿಲ್ಲ. ಅದೇ ವ್ಯಕ್ತಿಗಳಿಗೆ, ಅದೇ ಚಲನೆಯನ್ನು ನೀವೇ ಅನುಕರಿಸಿ ತೋರಿಸಿರೆಂದು ಹೇಳಿದಾಗ ಏರಿಕೆ ಕಂಡಿತು. ಭುಜ ಒಂದೇ, ಚಲನೆ ಒಂದೇ, ಮಾಡುವ ಬಗೆ ಎರಡು. ಇದರಿಂದ ಟಿಕ್ ಎಂಬುದು ಇಚ್ಛಾಕೃತವಲ್ಲವೆಂದು ಸಿದ್ಧವಾಯಿತೆನ್ನೋಣವೇ? ಅಷ್ಟು ಸುಲಭವಿಲ್ಲ. 1993ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದವರು 135 ಮಂದಿಯನ್ನು ವಿಚಾರಿಸಿದಾಗ ಶೇಕಡಾ 90ಕ್ಕೂ ಹೆಚ್ಚು ಜನ, ಟಿಕ್‌ಗೆ ಮೊದಲು ಆ ಭಾಗದಲ್ಲಿ ನವೆಯಂತೆ, ಸೀನು ಬರುವ ಮುಂಚಿನಂತೆ ಒಂದು ತುಡಿತ ಏಳುವುದೆಂದರು. ಅವರಲ್ಲಿ ಬಹುಪಾಲು ಜನ, ಆ ತುಡಿತವನ್ನು ಕಳೆಯಲು ಪೂರ್ತಿಯಾಗಿಯೋ ಭಾಗಶಃವೋ ತಾವೇ ಚಲನೆ ಮಾಡುವುದಾಗಿಯೂ ಹೇಳಿದರು. ಯಂತ್ರವು 'ಅವನು ಮಾಡಿಲ್ಲ' ಎನ್ನುತ್ತದೆ. ಅನುಭವಿಸುವವನು 'ನಾನೇ ಮಾಡಿದೆ' ಎನ್ನುತ್ತಾನೆ.

ಇಂಗ್ಲಿಷ್ ನಿಘಂಟನ್ನು 1755ರಲ್ಲಿ ಹೊರತಂದ ಡಾಕ್ಟರ್ ಸ್ಯಾಮ್ಯುಯೆಲ್ ಜಾನ್ಸನ್ ಅವರಿಗೂ ಈ ಸ್ಥಿತಿ ಇದ್ದಿತೆಂದು ಇಂದಿನ ವೈದ್ಯರು ಹಲವರು ಭಾವಿಸುತ್ತಾರೆ. ತಲೆ ತೂಗುವುದು, ನಾಲಗೆ ಲೊಟ್ಟೆ ಹೊಡೆಯುವುದು, ಕೈಗಳ ವಿಚಿತ್ರ ಭಂಗಿಗಳು, ಎಲ್ಲವನ್ನೂ ಅವರ ಜೀವನಚರಿತ್ರೆ ಬರೆದ ಬಾಸ್ವೆಲ್ ದಾಖಲಿಸಿದ್ದಾರೆ. ಚಿತ್ರಕಾರ ರೆನಾಲ್ಡ್ಸ್ ಅವರಾದರೋ, ಕೂರಿರೆಂದು ಹೇಳಿದರೆ ಜಾನ್ಸನ್ ಎಲ್ಲರಂತೆ ನಿಶ್ಚಲವಾಗಿ ಕೂರಬಲ್ಲವರಾಗಿದ್ದರೆಂದು ಸಾಕ್ಷಿ ಹೇಳಿದ್ದಾರೆ. ಪುಟ್ಟ ಹುಡುಗಿಯೊಬ್ಬಳು ಹೀಗೇಕೆ ಮಾಡುತ್ತೀರೆಂದು ಕೇಳಿದಾಗ ಅವರು ಕೆಟ್ಟ ಅಭ್ಯಾಸವೆಂದು ಉತ್ತರಿಸಿದರಂತೆ. ಶಬ್ದಗಳಿಗೆ ಅರ್ಥ ಹೇಳುವುದರಲ್ಲಿ ಅಷ್ಟು ನಿಷ್ಣಾತರಾದವರಿಗೂ ತಮ್ಮ ಸ್ಥಿತಿಗೆ ಒಪ್ಪುವ ಶಬ್ದ ಸಿಗದೆ, ತಪ್ಪನ್ನು ತಮ್ಮ ಮೇಲೆಯೇ ಹೊರಿಸಿಕೊಂಡರು. ನಮ್ಮ ಮಕ್ಕಳೂ ಹಾಗೆಯೇ ಮಾಡುತ್ತಾರೆ.

ಇನ್ನು ಒಳಗಿನ ವ್ಯವಸ್ಥೆ. ರೈಲ್ವೆಯಲ್ಲಿ ಆಯುಷ್ಯದ ಬಹುಭಾಗ ಕಳೆದವರಾದ್ದರಿಂದ ನಮಗೆ ಅದನ್ನು ಸಿಗ್ನಲ್ಲಿನ ಮೂಲಕ ಹೇಳುವುದು ಸುಲಭ. ನಿಲ್ದಾಣದ ತಡೆಸಿಗ್ನಲ್ ಸಹಜ ಸ್ಥಿತಿಯಲ್ಲಿ ಅಪಾಯದ ಸೂಚನೆಯನ್ನೇ ತೋರುತ್ತಿರುತ್ತದೆ. ಅದು ನಿಲ್ಲಿಸುವುದಕ್ಕಾಗಿ ಕೆಂಪಾಗುವುದಲ್ಲ; ಕೆಂಪಾಗಿಯೇ ಇದ್ದು, ಒಂದು ಗಾಡಿಗೆ ಅನುಮತಿಯಿತ್ತಾಗ ಮಾತ್ರ ಅಷ್ಟು ಹೊತ್ತು ಬಿಡುಗಡೆ ಕೊಡುತ್ತದೆ. ಮೆದುಳಿನ ಆಳದಲ್ಲಿ ಬೇಸಲ್ ಗ್ಯಾಂಗ್ಲಿಯಾ ಎಂಬ ನರಕೋಶಗಳ ಗುಂಪುಗಳಿವೆ. ಅವು ಗಾಬಾ ಎಂಬ ರಾಸಾಯನಿಕವನ್ನು ಎಡೆಬಿಡದೆ ಸುರಿಸುತ್ತ ಥಲಾಮಸ್ ಎಂಬ ಜಂಕ್ಷನ್ನನ್ನು ಕೆಂಪಿನಲ್ಲಿಯೇ ಹಿಡಿದಿರುತ್ತವೆ. ಬೇಕಾದ ಚಲನೆಗೆ ಮಾತ್ರ ತಡೆ ಕ್ಷಣಕಾಲ ಸಡಿಲುತ್ತದೆ. ಹಾಗೆ ಸಡಿಲಿಸುವುದರಲ್ಲಿ ಡೋಪಮೀನ್ ಎಂಬ ಇನ್ನೊಂದು ದ್ರವ್ಯಕ್ಕೆ ದೊಡ್ಡ ಪಾತ್ರವಿದೆ. ಪಾರ್ಕಿನ್ಸನ್ ಕಂಪವಾತದಲ್ಲಿ ಡೋಪಮೀನ್ ಕಡಿಮೆಯಾಗಿ, ಬೇಕಾದ ಗಾಡಿಗೂ ಸಿಗ್ನಲ್ ಸಿಗದೆ ದೇಹ ಸ್ತಂಭಿಸುತ್ತದೆ. ಟಿಕ್‌ನಲ್ಲಿಯಾದರೋ ಯಾರೂ ಕೇಳದ ಗಾಡಿಗೆ ಸಿಗ್ನಲ್ ಇಳಿದುಬಿಡುತ್ತದೆ. 1961ರಿಂದ ಈಚೆಗೆ ಟಿಕ್‌ಗೆ ಹ್ಯಾಲೊಪೆರಿಡಾಲ್ ಎಂಬ ಔಷಧ ಬಳಕೆಗೆ ಬಂತು. ಅದು ಡೋಪಮೀನಿನ ಕೆಲಸವನ್ನು ತಡೆಯುತ್ತದೆ; ಟಿಕ್ ಇಳಿಯುತ್ತದೆ. ಆದರೆ ಒಂದು ಗಾಡಿಯನ್ನು ನಿಲ್ಲಿಸಲು ಇಡೀ ವಿಭಾಗದ ಸಂಚಾರವನ್ನೇ ನಿಧಾನಗೊಳಿಸಿದಂತೆ ಅದು ಮಂಪರು, ಬಿಗಿತ, ಮೈಭಾರಗಳನ್ನು ಜೊತೆಗೆ ತರುತ್ತದೆ.

ಔಷಧವಿಲ್ಲದೆ, ಶಸ್ತ್ರವಿಲ್ಲದೆ, ಹೊರಗಿನಿಂದ ನರವನ್ನು ಮುಟ್ಟಿ ಒಳಗಿನ ವ್ಯವಸ್ಥೆಯನ್ನು ತಿದ್ದಬಹುದೇ ಎಂಬ ಪ್ರಶ್ನೆ ಇಲ್ಲಿ ಬರುತ್ತದೆ. ನರಕ್ಕೆ ವಿದ್ಯುತ್ ಕೊಟ್ಟರೆ ರಾಸಾಯನಿಕ ಹೊರಡುತ್ತದೆಂಬುದು ಹಳೆಯ ಮಾತು. 1921ರಲ್ಲಿ ಆಸ್ಟ್ರಿಯಾದ ಗ್ರಾಟ್ಸ್ ನಗರದಲ್ಲಿ ಆಟೋ ಲೊವಿ ಎಂಬವರು ಕಪ್ಪೆಯೊಂದರ ಹೃದಯದ ವೇಗಸ್ ನರವನ್ನು ಉದ್ದೀಪಿಸಿ, ಆ ಹೃದಯವನ್ನು ತೊಳೆದ ದ್ರವವನ್ನು ಇನ್ನೊಂದು ಕಪ್ಪೆಯ ಹೃದಯಕ್ಕೆ ಹಾಯಿಸಿದರು. ನರದ ಸೋಂಕೇ ಇಲ್ಲದ ಎರಡನೆಯ ಹೃದಯವೂ ನಿಧಾನವಾಯಿತು. (ಈ ಪ್ರಯೋಗದ ಉಪಾಯ ಅವರಿಗೆ ಸ್ವಪ್ನದಲ್ಲಿ ಹೊಳೆದುದೆಂದು ಅವರೇ ಹೇಳಿಕೊಂಡಿದ್ದಾರೆ. ಸ್ವಪ್ನವನ್ನು ಮಿಥ್ಯೆಯೆಂದು ತಳ್ಳಿಹಾಕದ ನಮ್ಮ ಸಿದ್ಧಾಂತದವರಿಗೆ ಇದು ಹಿತವಾದ ಸುದ್ದಿ.) ಟಿಕ್‌ಗೆ ಇದನ್ನು ಅನ್ವಯಿಸಿದವರು ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದವರು. ನಮ್ಮ ಮಣಿಕಟ್ಟಿನ ಒಳಭಾಗದಲ್ಲಿ ಮೀಡಿಯನ್ ಎಂಬ ನರ ಹಾದುಹೋಗುತ್ತದೆ. ಅಲ್ಲಿ ಚರ್ಮದ ಮೇಲಿನಿಂದಲೇ ಸೆಕೆಂಡಿಗೆ ಹತ್ತು ಹನ್ನೆರಡು ಬಾರಿ ಅತಿ ಸಣ್ಣ ವಿದ್ಯುತ್ ಸ್ಪಂದ ಕೊಡುವುದೇ ಉಪಾಯ. ಕೈಗಳು ವಿಶ್ರಾಂತಿಯಲ್ಲಿರುವಾಗ ಮೆದುಳಿನ ಚಲನಾಪ್ರದೇಶದಲ್ಲಿ ಹೆಚ್ಚುಕಡಿಮೆ ಅದೇ ಲಯದ ಅಲೆಗಳು ಸಹಜವಾಗಿ ಇರುತ್ತವೆ. ಹೊರಗಿನಿಂದ ತಾಳ ಕೊಟ್ಟರೆ ಒಳಗಿನ ವಿಶ್ರಾಂತಿಯ ಲಯ ಬಲಗೊಂಡು ತುಡಿತ ತಗ್ಗೀತೆಂಬುದು ಅವರ ಊಹೆ. 2020ರಲ್ಲಿ 19 ಮಂದಿಯ ಮೇಲೆ ನಡೆದ ಪ್ರಯೋಗದಲ್ಲಿ ಟಿಕ್‌ಗಳ ಸಂಖ್ಯೆ, ತೀವ್ರತೆ ಎರಡೂ ಇಳಿದವು. ಬಳಿಕ ಗಡಿಯಾರದಂತೆ ಕಟ್ಟಿಕೊಳ್ಳುವ ಪಟ್ಟಿಯೊಂದನ್ನು ನಿರ್ಮಿಸಿ, 121 ಮಂದಿಗೆ ಮನೆಯಲ್ಲಿಯೇ ದಿನಕ್ಕೆ 15 ನಿಮಿಷದಂತೆ ನಾಲ್ಕು ವಾರ ಪರೀಕ್ಷೆ ನಡೆಸಿದರು. ಕೆಲವರಿಗೆ ನಿಜವಾದ ಸ್ಪಂದ, ಕೆಲವರಿಗೆ ಹೆಸರಿಗೆ ಮಾತ್ರ. 2023ರಲ್ಲಿ ಹೊರಬಂದ ಫಲಿತಾಂಶದಂತೆ ನಿಜವಾದ ಸ್ಪಂದ ಪಡೆದವರಲ್ಲಿ ಟಿಕ್‌ಗಳು ಸರಾಸರಿ ಕಾಲುಭಾಗಕ್ಕೂ ಹೆಚ್ಚು ಕಡಿಮೆಯಾದವು.

ಆದರೆ ಅದೇ 2023ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದವರು 32 ಮಂದಿಯಲ್ಲಿ ಲಯಬದ್ಧ ಸ್ಪಂದವನ್ನೂ ಲಯವಿಲ್ಲದ ಸ್ಪಂದವನ್ನೂ ಹೋಲಿಸಿದರು. ಸ್ಪಂದ ನಡೆಯುವಷ್ಟು ಹೊತ್ತು ಎರಡರಲ್ಲಿಯೂ ಟಿಕ್ ತಗ್ಗಿತು. ಎರಡಕ್ಕೂ ಹೇಳುವಂತಹ ವ್ಯತ್ಯಾಸ ಕಾಣಲಿಲ್ಲ. ಉಪಶಮನ ನಿಜ, ತಾಳದ ಸಿದ್ಧಾಂತ ಮಾತ್ರ ಅಲುಗಾಡಿತು. ಫಲ ಕಂಡಿತೆಂದು ಹೇತುವೂ ಸಿದ್ಧವಾಯಿತೆಂದು ತಿಳಿಯಬಾರದು.

ಈಗ ತಾಯಿಯ ಪ್ರಶ್ನೆ. ಎರಡು ಪೂರ್ವಪಕ್ಷಗಳು ನಮ್ಮೆದುರಿಗಿವೆ. ಹಿರಿಯರದು ಮೊದಲನೆಯದು: ತಡೆಯಬಲ್ಲನಾದ್ದರಿಂದ ಅವನೇ ಕರ್ತೃ, ಆದ್ದರಿಂದ ದೋಷವೂ ಅವನದೇ. ಇಂಗ್ಲಿಷ್ ವಿದ್ಯಾವಂತರಾದ ನಮ್ಮ ಕಿರಿಯರದು ಎರಡನೆಯದು: ಇದೆಲ್ಲ ಡೋಪಮೀನಿನ ಆಟ, ಕೈಗೆ ಪಟ್ಟಿ ಕಟ್ಟಿದರೆ ಇಳಿಯುತ್ತದೆ, ಹುಡುಗನಿಗೂ ಇದಕ್ಕೂ ಸಂಬಂಧವೇ ಇಲ್ಲ. ಎರಡನೆಯದು ದಯೆಯ ಮಾತಿನಂತೆ ಕೇಳಿಸುತ್ತದೆ. ಆದರೆ ಅದನ್ನು ಒಪ್ಪಿದವರು ಅಲ್ಲಿಗೇ ನಿಲ್ಲಲಾರರು. ಸದ್ದು ಹೊರಟುದು ರಾಸಾಯನಿಕದಿಂದಾದರೆ, ಮಂಗಳಾರತಿಯವರೆಗೆ ಹಲ್ಲು ಕಚ್ಚಿ ತಡೆದುದೂ ರಾಸಾಯನಿಕದಿಂದಲೇ ಆಗಬೇಕು. ಆಗ ಅವನನ್ನು ಬೈಯುವ ಹಕ್ಕಿನ ಜೊತೆಗೆ ಮೆಚ್ಚುವ ಹಕ್ಕನ್ನೂ ಕಳೆದುಕೊಂಡೆವು. ಆ ಒಂದು ಗಂಟೆ ಹುಡುಗ ಮಾಡಿದ ತಪಸ್ಸನ್ನು ಲೆಕ್ಕಕ್ಕೇ ಹಿಡಿಯದ ದಯೆ ಎಂತಹುದು?

ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದಲ್ಲಿ ಜೀವನ ಕರ್ತೃತ್ವದ ವಿಚಾರ ಬರುತ್ತದೆ. ಅಲ್ಲಿ ಬಡಗಿಯ ದೃಷ್ಟಾಂತವಿದೆ. ಶ್ರೀಮದಾಚಾರ್ಯರು ಅದನ್ನು ವಿವರಿಸುವ ರೀತಿ ನಮ್ಮ ಓದುಗರಿಗೆ ಪರಿಚಿತ: ಬಡಗಿಯು ಮಾಡಿಸುವವನ ಅಧೀನನಾಗಿದ್ದರೂ ಮಾಡುವವನು ತಾನೇ. ಅಧೀನತೆಯೂ ಕರ್ತೃತ್ವವೂ ಒಬ್ಬನಲ್ಲಿಯೇ ಕೂಡಿ ಇರಬಲ್ಲವು. ಒಂದಿದ್ದರೆ ಇನ್ನೊಂದಿಲ್ಲವೆಂಬ ನಿಯಮವಿಲ್ಲ. ಆಚಾರ್ಯರು ಅಲ್ಲಿ ಹೇಳುತ್ತಿರುವುದು ಭಗವದಧೀನತೆಯನ್ನು. ಡೋಪಮೀನನ್ನು ಈಶ್ವರನ ಸ್ಥಾನದಲ್ಲಿ ಕೂರಿಸಲು ನಾವು ಹೊರಟಿಲ್ಲ. ದ್ರವ್ಯವು ಜಡ, ಬಡಗಿಯ ಕೈಯಲ್ಲಿರುವ ಉಳಿಯ ಸಾಲಿಗೆ ಸೇರಿದ್ದು. ಗೀತೆಯ ಹದಿನೆಂಟನೆಯ ಅಧ್ಯಾಯವೂ ಪ್ರತಿಯೊಂದು ಕರ್ಮಕ್ಕೆ ಐದು ಕಾರಣಗಳನ್ನು ಹೇಳುವಾಗ ಕರ್ತೃವನ್ನು ಬೇರೆಯಾಗಿ, ದೇಹವನ್ನೂ ಕರಣಗಳನ್ನೂ ಬೇರೆಯಾಗಿ ಎಣಿಸುತ್ತದೆ. ಮೊಂಡಾದ ಉಳಿ ಬಡಗಿಯ ಕೆಲಸವನ್ನು ಕೆಡಿಸುತ್ತದೆ, ಅವನನ್ನು ಬಡಗಿಯಲ್ಲದವನನ್ನಾಗಿ ಮಾಡುವುದಿಲ್ಲ. ಮೊಂಡು ಉಳಿ ಹಿಡಿದವನ ಶ್ರಮ ಮಿಕ್ಕವರಿಗಿಂತ ಹೆಚ್ಚಿನದು, ಅಷ್ಟೇ. ಆದ್ದರಿಂದ ತಾಯಿಗೆ ನಾವು ಕೊಟ್ಟ ಉತ್ತರ: ತುಡಿತ ಅವನದಲ್ಲ, ತಡೆ ಅವನದು, ತಡೆ ಮುಗಿದಾಗ ಹೊರಟ ಸದ್ದು ಸೋಲೂ ಅಲ್ಲ, ಅಪರಾಧವೂ ಅಲ್ಲ. ಕೆಲವರು ಇಲ್ಲಿ ಅರ್ಜುನನ ಪ್ರಶ್ನೆಯನ್ನು, ಬಯಸದಿದ್ದರೂ ಬಲವಂತಕ್ಕೊಳಗಾದವನಂತೆ ಮನುಷ್ಯ ಪಾಪ ಮಾಡುವುದೇಕೆಂಬುದನ್ನು, ತಂದು ಜೋಡಿಸುತ್ತಾರೆ. ಅದು ಸಲ್ಲದು. ಅಲ್ಲಿ ಭಗವಂತನು ಹೇಳುವ ಕಾರಣ ಕಾಮಕ್ರೋಧಗಳು. ಗಂಟಲಿನ ನವೆ ಕಾಮವಲ್ಲ.

ಕರಣದ ಮೇಲೆ ಕರ್ತೃವಿನ ಪ್ರಯತ್ನವೂ ಪರಿಣಾಮ ಮಾಡುತ್ತದೆಂಬುದಕ್ಕೆ ಕುತೂಹಲಕರವಾದ ಸೂಚನೆಯೊಂದಿದೆ. 2014ರಲ್ಲಿ ಅದೇ ನಾಟಿಂಗ್‌ಹ್ಯಾಮ್‌ನವರು ಟೂರೆಟ್ ಇರುವ ಹದಿಹರೆಯದವರ ಮೆದುಳಿನಲ್ಲಿ, ಚಲನೆಗಳನ್ನು ಯೋಜಿಸುವ ಒಂದು ಭಾಗದಲ್ಲಿ, ಗಾಬಾ ಇತರರಿಗಿಂತ ಹೆಚ್ಚಾಗಿದೆಯೆಂದು ಕಂಡರು. ತಡೆಯ ದ್ರವ್ಯ ಕಡಿಮೆಯಿರಬೇಕಾದಲ್ಲಿ ಹೆಚ್ಚು! ವರ್ಷಗಟ್ಟಲೆ ತಡೆಯುತ್ತ ತಡೆಯುತ್ತ ಮೆದುಳು ತಾನೇ ಕಟ್ಟಿಕೊಂಡ ಒಡ್ಡು ಇದಿರಬಹುದೆಂದು ಅವರು ಅರ್ಥ ಮಾಡಿದ್ದಾರೆ. ಈ ಅರ್ಥ ನಿಂತರೆ, ರಾಸಾಯನಿಕವೇ ಎಲ್ಲಕ್ಕೂ ಯಜಮಾನನೆಂಬ ಮಾತು ಅರ್ಧ ಬಿದ್ದುಹೋಯಿತು. ಯಂತ್ರವಿಲ್ಲದ ಅಭ್ಯಾಸಕ್ಕೂ ಪ್ರಮಾಣವಿದೆ. ತುಡಿತ ಏಳುವುದನ್ನು ಮೊದಲೇ ಗುರುತಿಸಿ, ಟಿಕ್‌ಗೆ ಎಡೆಕೊಡದ ಬೇರೊಂದು ಚಲನೆಯಿಂದ ಅದನ್ನು ದಾಟಿಸುವ ತರಬೇತಿಯನ್ನು 126 ಮಕ್ಕಳಲ್ಲಿ ಪರೀಕ್ಷಿಸಿದ ವರದಿ 2010ರಲ್ಲಿ ಬಂತು. ಹತ್ತು ವಾರಗಳಲ್ಲಿ ತರಬೇತಿ ಪಡೆದವರ ಪೈಕಿ ಶೇಕಡಾ 52.5 ಮಂದಿ ಗಣನೀಯವಾಗಿ ಸುಧಾರಿಸಿದರು, ಬರಿಯ ಸಮಾಧಾನ-ಸಲಹೆ ಪಡೆದವರಲ್ಲಿ ಶೇಕಡಾ 18.5. ಇದಕ್ಕೂ 'ಸುಮ್ಮನಿರೋ' ಎಂಬ ಗದರಿಕೆಗೂ ಅಜಗಜಾಂತರ. ಗದರಿಕೆಯಲ್ಲಿ ಉಪಾಯವಿಲ್ಲ.

ಮಣಿಕಟ್ಟಿನ ಪಟ್ಟಿಯ ಸಹಾಯದಿಂದ ಬಂದ ನಿಗ್ರಹವು ಸ್ವಂತ ನಿಗ್ರಹವೇ ಎಂದು ಒಬ್ಬ ಮಿತ್ರರು ಆಕ್ಷೇಪಿಸಿದರು. ಅವರು ಆ ಮಾತನ್ನಾಡುವಾಗ ಮೂಗಿನ ಮೇಲೆ ದಪ್ಪ ಗಾಜಿನ ಕನ್ನಡಕವಿತ್ತು. ಅದರ ಸಹಾಯದಿಂದ ಅವರು ದಿನವೂ ಭಾಗವತ ಓದುತ್ತಾರೆ. ಓದಿದ ಪುಣ್ಯ ಕನ್ನಡಕಕ್ಕೆ ಹೋಗುತ್ತದೆಂದು ಅವರಿಗೂ ಅನ್ನಿಸಿರಲಾರದು. ಉದ್ದೀಪನೆಯು ಕೈಯನ್ನು ತಾನೇ ಎತ್ತಿಸಿದರೆ ಮಾತು ಬೇರೆ. ಮಾಂಟ್ರಿಯಲ್‌ನ ಶಸ್ತ್ರವೈದ್ಯ ಪೆನ್‌ಫೀಲ್ಡ್, ಎಚ್ಚರವಾಗಿದ್ದ ರೋಗಿಗಳ ಮೆದುಳಿಗೆ ವಿದ್ಯುತ್ ತಾಗಿಸಿ ಕೈ ಅಲುಗಿಸಿದಾಗ, ಅದನ್ನು ತಾವು ಮಾಡಲಿಲ್ಲ, ವೈದ್ಯರೇ ಮಾಡಿದರೆಂದು ರೋಗಿಗಳು ಹೇಳುತ್ತಿದ್ದರಂತೆ. ಮಣಿಕಟ್ಟಿನ ಸ್ಪಂದದ ಕೆಲಸವಾದರೋ ಗದ್ದಲವನ್ನು ತಗ್ಗಿಸುವುದು. ಹಿಂದೆ ತಡೆಯುವುದರಲ್ಲಿಯೇ ಖರ್ಚಾಗುತ್ತಿದ್ದ ಗಮನ ಈಗ ಪಾಠಕ್ಕೋ ಮಂತ್ರಕ್ಕೋ ಉಳಿಯುತ್ತದೆ. ನಮ್ಮ ದೃಷ್ಟಿಯಲ್ಲಿ ಇದು ಕರ್ತೃತ್ವವನ್ನು ಕಿತ್ತುಕೊಳ್ಳುವುದಲ್ಲ, ಹಿಂದಿರುಗಿಸುವುದು.

ನಮ್ಮನ್ನು ನಿಜವಾಗಿ ಕಾಡುವ ಪ್ರಶ್ನೆ ಬೇರೆಯಿದೆ. ಪಟ್ಟಿಯನ್ನು ಕಟ್ಟುವವರು ಯಾರು? ಯಾರ ಕಷ್ಟಕ್ಕಾಗಿ? ಟಿಕ್ ಇರುವ ಅನೇಕ ಮಕ್ಕಳಿಗೆ ಟಿಕ್‌ನಿಂದ ಹೆಚ್ಚಿನ ಬಾಧೆಯಿಲ್ಲ. ಬಾಧೆಯಾಗುವುದು ನೋಡುವ ಕಣ್ಣುಗಳಿಂದ. ಕತ್ತು ನೋಯುವಷ್ಟು ಕೊಡಹುವ ಮಗುವಿಗೆ ಚಿಕಿತ್ಸೆ ಅವಶ್ಯ. ಆದರೆ ನೆರೆಮನೆಯವರು ಗೋಡೆ ತಟ್ಟಿದರೆಂದು, ಸಭೆಯಲ್ಲಿ ತಲೆ ತಗ್ಗಿಸಬೇಕಾಯಿತೆಂದು, ಊರಿನಿಂದ ಬಂದ ಬಂಧುಗಳು ಪ್ರಶ್ನೆ ಮಾಡಿದರೆಂದು ಅವನ ಕೈಗೆ ವಿದ್ಯುತ್ ಪಟ್ಟಿ ತೊಡಿಸಿದರೆ ನಾವು ಚಿಕಿತ್ಸೆ ಮಾಡಿದ್ದು ನಮ್ಮ ಸಂಕೋಚಕ್ಕೆ. ಮುಂಬಯಿ, ಪುಣೆಗಳ ಎರಡು ಕೋಣೆಯ ಮನೆಗಳಲ್ಲಿ ಈ ಸಂಕೋಚ ಸಣ್ಣದಲ್ಲವೆಂದು ಬಲ್ಲೆವು. ಆದರೂ ಹತ್ತು ಹನ್ನೆರಡು ವಯಸ್ಸಿನ ಮಗುವಿಗೆ, ಇದರಿಂದ ನಿನಗೆ ತೊಂದರೆಯಾಗುತ್ತಿದೆಯೇ, ಏನಾದರೂ ಮಾಡೋಣವೇ ಎಂದು ಕೇಳಿ ಉತ್ತರವನ್ನು ಕೇಳಿಸಿಕೊಳ್ಳುವುದು ತಂದೆತಾಯಿಗಳ ಮೊದಲ ಕರ್ತವ್ಯವೆಂದು ನಮ್ಮ ಅಭಿಪ್ರಾಯ. ಬೇಡವೆಂದರೆ ಕಾಯಬಹುದು, ವಯಸ್ಸೇ ಬಹುಮಂದಿಗೆ ಔಷಧವಾಗಿದೆ. ಮಂಡಿನೋವಿಗೆಂದು ಮನೆಗೆ ತಂದ ವಿದ್ಯುತ್ ಯಂತ್ರವನ್ನು ಮಗುವಿನ ಕೈಗೆ ಅಂಟಿಸಿ ಪರೀಕ್ಷೆ ನಡೆಸುವುದಂತೂ ಕೂಡದು. ಇದು ನರರೋಗ ತಜ್ಞರ ಕೆಲಸ.

ಸಂಧ್ಯಾವಂದನೆಯ ನಡುವೆ ಸದ್ದು ಬಂದರೆ ಹೇಗೆ, ಅನುಷ್ಠಾನ ಕೆಡುವುದಿಲ್ಲವೇ ಎಂದೂ ಆ ತಾಯಿ ಕೇಳಿದ್ದರು. ಸೀನು ಮುಂತಾದವು ಜಪದ ಮಧ್ಯೆ ಬಂದಾಗ ಏನು ಮಾಡಬೇಕೆಂದು ಧರ್ಮಶಾಸ್ತ್ರಕಾರರು ಹಿಂದೆಯೇ ಯೋಚಿಸಿದ್ದಾರೆ. ಆಚಮನ ಮಾಡಬೇಕು, ಅದಕ್ಕೆ ಅನುಕೂಲವಿಲ್ಲದಿದ್ದರೆ ಬಲಗಿವಿಯನ್ನು ಮುಟ್ಟಿಕೊಂಡು ಮುಂದುವರಿಯಬೇಕು. ಸೀನಿದವನನ್ನು ಅವರು ಎಬ್ಬಿಸಿ ಕಳಿಸಲಿಲ್ಲ, ಮೊದಲಿನಿಂದ ಆರಂಭಿಸೆಂದೂ ಹೇಳಲಿಲ್ಲ. ಟಿಕ್ ಎಂಬ ಹೆಸರು ಅವರಿಗೆ ತಿಳಿಯದಿದ್ದರೂ ಸೀನಿನ ಜಾತಿಗೆ ಸೇರಿದುದಕ್ಕೆ ಸೀನಿನ ವಿಧಿಯನ್ನೇ ಅನ್ವಯಿಸುವುದು ನ್ಯಾಯವೆಂದು ಅವರಿಗೆ ಹೇಳಿದೆವು. ಅನುಮಾನ ಉಳಿದರೆ ಗುರುಗಳನ್ನು ಕೇಳಿಕೊಳ್ಳಬಹುದು. ಪ್ರತಿ ಬಾರಿಯೂ ಬಲಗಿವಿ ಮುಟ್ಟುತ್ತ ಹೋದರೆ ಹುಡುಗನಿಗೆ ಅದೇ ಇನ್ನೊಂದು ಅಭ್ಯಾಸವಾಗಿಬಿಟ್ಟೀತೆಂದು ತಾಯಿ ನಕ್ಕರು. ಆಗಲಿ ಬಿಡಿ, ಅದು ಸದ್ದು ಮಾಡುವುದಿಲ್ಲವೆಂದೆವು.